ಸಂಬಳದ ದಿನ ಇರುತ್ತಾರೆ, ಸೋಮವಾರ ಇರಲ್ಲ: ಈಗಿನ ಹುಡುಗರನ್ನು ಕೆಲಸದಲ್ಲಿ ಉಳಿಸಿಕೊಳ್ಳೋದು ಹೇಗೆ?

ವಸಂತನರಸಾಪುರ ಲೇತ್:
ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಕಂಪ್ಯೂಟರ್ ಹಿಡಿತದ ಮಷಿನ್‌ಗಳಲ್ಲಿ ಲೋಹ ಕೆತ್ತುವ ಕೆಲಸ: ಸಿಎನ್‌ಸಿ ಟರ್ನಿಂಗ್, ಸ್ವಲ್ಪ ವಿಎಂಸಿ. ಮೂವತ್ತರ ಆಸುಪಾಸು ಜನ. ಆರ್ಡರ್‌ಗೆ ಬರ ಇಲ್ಲ, ಮಷಿನ್‌ಗೂ ಬರ ಇಲ್ಲ. ನಿಲ್ಲುವ ಹುಡುಗರಿಗೆ ಬರ.

ಐಟಿಐ, ಡಿಪ್ಲೊಮಾ ಮುಗಿಸಿ ಬರುತ್ತಾರೆ. ಮೂರು ನಾಲ್ಕು ತಿಂಗಳು ಚೆನ್ನಾಗೇ ಇರುತ್ತಾರೆ. ಸಂಬಳ ಆದ ಮೇಲಿನ ಸೋಮವಾರ ಪತ್ತೆ ಇಲ್ಲ. ಫೋನ್ ಮಾಡಿದರೆ ಎತ್ತಲ್ಲ. ಸಂಜೆ ವಾಟ್ಸಾಪ್‌ನಲ್ಲಿ 'ಸರ್ ಬೇರೆ ಕಡೆ ಸಿಕ್ತು' ಅಂತ ಒಂದು ಸಾಲು, ಪಕ್ಕದಲ್ಲಿ ಕೈಮುಗಿಯುವ ಚಿತ್ರ. ಮೊನ್ನೆ ಒಬ್ಬ ಸೆಕೆಂಡ್ ಶಿಫ್ಟ್ ಮಧ್ಯದಲ್ಲೇ ಎದ್ದು ಹೋದ. ಚಕ್‌ನಲ್ಲಿ, ಅಂದರೆ ಮಷಿನ್ ಹಿಡಿತದಲ್ಲಿ, ಜಾಬ್ (ಕೆತ್ತಬೇಕಾದ ಪೀಸ್) ಹಾಗೇ ಇತ್ತು.

ಬೈದರೆ ಬಿಟ್ಟು ಹೋಗುತ್ತಾರೆ. ಬೈಯದಿದ್ದರೆ ರೀಲ್ಸ್ ನೋಡುತ್ತಾ ಕೂರುತ್ತಾರೆ. ಆಯುಧಪೂಜೆಗೆ ಬೋನಸ್, ಬಟ್ಟೆ, ಸ್ವೀಟ್ ಬಾಕ್ಸ್ ಎಲ್ಲ ಕೊಟ್ಟೆ. ಹಬ್ಬ ಮುಗಿದ ವಾರವೇ ಇಬ್ಬರು ಹೋದರು. ನೀವೆಲ್ಲ ಏನು ಮಾಡುತ್ತೀರಿ? ಸ್ಫೂರ್ತಿ ಭಾಷಣದ ಸಲಹೆ ಬೇಡ. ಬೆಂಗಳೂರಿನಿಂದ ಒಬ್ಬರನ್ನು ಕರೆಸಿ ಅದನ್ನೂ ಮಾಡಿಸಿ ಆಯ್ತು. ಅರ್ಧ ಜನ ಆಕಳಿಸಿದರು, ಇನ್ನರ್ಧ ಸೆಲ್ಫಿ ತೆಗೆದುಕೊಂಡರು.

ಹಳೇ ಗಡಿಯಾರ:
ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವನು. ಸೇರಿದ್ದೂ ಅಲ್ಲೇ, ನಿವೃತ್ತಿ ಆಗಿದ್ದೂ ಅಲ್ಲೇ. ಫೋರ್‌ಮನ್ ಎದುರು ಜೋರಾಗಿ ಉಸಿರು ಬಿಡುವ ಧೈರ್ಯ ಇರಲಿಲ್ಲ. ಈಗಿನವರಿಗೆ ತಾಳ್ಮೆ ಅನ್ನೋದೇ ಇಲ್ಲ. ಬಂದ ದಿನವೇ ಎಲ್ಲ ಬೇಕು.

ಸುಮ್ನೆ ಓದ್ತೀನಿ:
ಶುರುವಾಯ್ತು 'ನಮ್ಮ ಕಾಲದಲ್ಲಿ'. ಎಲ್ಲರೂ ಕಾಫಿ ತಗೊಂಡು ಕೂತ್ಕೊಳ್ಳಿ.

ಕೆಜಿಎಫ್ ರೈಲು:
ಹಿರಿಯರಿಗೆ ಬೇಜಾರು ಮಾಡಬೇಕು ಅಂತಲ್ಲ. ಆದರೂ ಹೇಳುತ್ತೇನೆ. ನಮ್ಮ ತಾತ ಚಿನ್ನದ ಗಣಿಯಲ್ಲಿದ್ದರು. ಅಪ್ಪನೂ ಅಲ್ಲೇ. ಬೇರೆ ಕೆಲಸ ಹುಡುಕಬೇಕು ಅಂತ ಇಬ್ಬರಿಗೂ ಒಂದು ದಿನ ಅನಿಸಿರಲಿಲ್ಲ. ನೂರು ವರ್ಷಕ್ಕೂ ಜಾಸ್ತಿ ನಡೆದ ಗಣಿಯನ್ನು 2001ರ ಫೆಬ್ರವರಿ ಕೊನೆಗೆ ಮುಚ್ಚಿದರು. ಬಾಕಿ ಹಣಕ್ಕೆ ಅಪ್ಪ ವರ್ಷಗಟ್ಟಲೆ ಅಲೆದರು. ಒಂದು ಕಂಪನಿಗೆ ಜೀವ ತೇಯ್ದರೆ ಏನು ಸಿಗುತ್ತೆ ಅಂತ ನಾವು ಊಟದ ತಟ್ಟೆಯಲ್ಲೇ ನೋಡಿ ಬೆಳೆದವರು.

ನಿಮ್ಮ ವಾಚ್ ಕಂಪನಿ ಮುಚ್ಚಲು ಕೇಂದ್ರ 2016ರಲ್ಲಿ ತೀರ್ಮಾನ ಮಾಡಿತು. ತುಮಕೂರಿನ ಜಾಗ ಇಸ್ರೋಗೆ ಹೋಯಿತು. ನೀವು ತಾಳ್ಮೆಯಿಂದಲೇ ಇದ್ದಿರಿ, ಸರ್. ಕಂಪನಿ ಉಳಿಯಲಿಲ್ಲ.

ಈಗ ಬೆಳಗಿನ ರೈಲು ನೋಡಿ. ಮಾರಿಕುಪ್ಪಂ, ಕೋರಮಂಡಲ್, ಬಂಗಾರಪೇಟೆ, ಎಲ್ಲ ಕಡೆಯಿಂದ ಬೆಂಗಳೂರಿಗೆ ತುಂಬಿಕೊಂಡು ಹೋಗುತ್ತೆ. ಆ ಬೋಗಿಯಲ್ಲಿ 'ನಿನ್ನ ಕಂಪನಿಯಲ್ಲಿ ಎಷ್ಟು ಕೊಡ್ತಾರೆ' ಅನ್ನೋದು ಬಿಟ್ಟರೆ ಬೇರೆ ಮಾತೇ ಇಲ್ಲ.

ಹಳೇ ಗಡಿಯಾರ:
ಮುಚ್ಚಿದ್ದು ನಿಜ, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಒಂದು ಹೇಳುತ್ತೇನೆ. ಅಲ್ಲಿ ಕಲಿಸುತ್ತಿದ್ದರು. ಹೊಸಬರ ಕೈಗೆ ಮೊದಲು ಅರ ಕೊಟ್ಟು ಒಂದು ಕಬ್ಬಿಣದ ತುಂಡನ್ನು ಚೌಕ ಮಾಡಿ ಅನ್ನುತ್ತಿದ್ದರು. ನಾಲ್ಕು ಮೂಲೆಗೂ ಮೂಲೆಮಟ್ಟ ಇಟ್ಟು, ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ಕಂಡರೆ ವಾಪಸ್. ಕೈ ಬೊಬ್ಬೆ ಬರುತ್ತಿತ್ತು. ಆ ಕೈ ಕೆಲಸ ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ.

ನೈಟ್‌ಶಿಫ್ಟ್ ನರಸಾಪುರ:
ನನಗೆ ಇಪ್ಪತ್ನಾಲ್ಕು. ಅಂದರೆ ನೀವು ಹೇಳುತ್ತಿರುವ 'ಈಗಿನವರು' ನಾವೇ. ಲೇತ್ ಸರ್‌ಗೆ ಎರಡು ಪ್ರಶ್ನೆ. ಸಂಬಳ ಎಷ್ಟು ಅಂತ ಬರೆದೇ ಇಲ್ಲ. ಹೋದವರು ಮಾಡುತ್ತಿದ್ದ ಕೆಲಸ ಏನು? ಬರೀ ಮಷಿನ್‌ಗೆ ಪೀಸ್ ಲೋಡಿಂಗ್ ಅನ್‌ಲೋಡಿಂಗಾ?

ವಸಂತನರಸಾಪುರ ಲೇತ್:
ಕೈಗೆ 15ರಿಂದ 17 ಸಾವಿರ. ಓಟಿ ಬೇರೆ. ಹೌದು, ಹೊಸಬರಿಗೆ ಲೋಡಿಂಗೇ. ಆಫ್‌ಸೆಟ್ ಕೊಡೋದು (ಟೂಲ್ ಎಲ್ಲಿ ನಿಲ್ಲಬೇಕು ಅನ್ನೋ ಅಳತೆ ಮಷಿನ್‌ಗೆ ಹಾಕೋದು), ಟೂಲ್ ಕೂರಿಸೋದು ಸೆಟ್ಟರ್ ಕೆಲಸ. ಹೊಸಬನ ಕೈಗೆ ಕೊಟ್ಟು, ಒಂದು ಸೊನ್ನೆ ಆಚೀಚೆ ಆಗಿ ಟೂಲ್ ಹಿಡಿದಿರುವ ಟರೆಟ್ ಹೋಗಿ ಚಕ್‌ಗೆ ಗುದ್ದಿದರೆ ಯಾರು ಕಟ್ಟುತ್ತಾರೆ? ಸ್ಪಿಂಡಲ್‌ಗೆ ಪೆಟ್ಟಾದರೆ ಲಕ್ಷದ ಮಾತು.

ನೈಟ್‌ಶಿಫ್ಟ್ ನರಸಾಪುರ:
ಹಾಗಾದರೆ ಐಟಿಐನಲ್ಲಿ ಕಲಿತದ್ದೆಲ್ಲ ಯಾಕೆ? ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಹೊಸ ಮಷಿನ್ ಹಾಕಿಸಿದ್ದಾರೆ. ರೋಬೋಟ್ ಮುಂದೆ ಫೋಟೊ ತೆಗೆಸಿಕೊಂಡು ಬಂದವನು ನಿಮ್ಮಲ್ಲಿ ಬಾಗಿಲು ತೆಗಿ, ಪೀಸ್ ಹಾಕು, ಬಾಗಿಲು ಹಾಕು, ಹಸಿರು ಬಟನ್ ಒತ್ತು. ಎಂಟು ಗಂಟೆ ಇದೇ. ರೀಲ್ಸ್ ನೋಡದೆ ಇನ್ನೇನು ಮಾಡ್ತಾನೆ ಸರ್?

ಸೆಟ್ಟರ್ ಗುಬ್ಬಿ:
ಇದು ನನ್ನ ಏರಿಯಾ. ನಾನೇ ಸೆಟ್ಟರ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ಮುಂದೆ ಹೋಗಿ.

ನಾನು ಕೆಲಸ ಕಲಿತ ಶಾಪ್‌ನಲ್ಲಿ ಹಿರಿಯ ಸೆಟ್ಟರ್ ಒಬ್ಬರಿದ್ದರು. ಅಂಗಿ ಜೇಬಲ್ಲಿ ಎಣ್ಣೆ ಹತ್ತಿದ ಒಂದು ಸಣ್ಣ ಡೈರಿ. ಯಾವ ಜಾಬ್‌ಗೆ ಯಾವ ಟೂಲ್, ಎಷ್ಟು ಆಫ್‌ಸೆಟ್, ಎಷ್ಟು ಪೀಸಿಗೊಮ್ಮೆ ಇನ್ಸರ್ಟ್ (ಟೂಲ್ ತುದಿಯ ಕತ್ತರಿಸುವ ಚೂರು) ತಿರುಗಿಸಬೇಕು, ಎಲ್ಲ ಅದರಲ್ಲಿ. ಊಟಕ್ಕೆ ಹೋದರೂ ಡೈರಿ ಜೇಬಲ್ಲೇ. ಹುಡುಗರು ಹತ್ತಿರ ಬಂದರೆ ಪ್ಯಾನೆಲ್‌ಗೆ ಮೈ ಅಡ್ಡ ಕೊಟ್ಟು ಕೀ ಒತ್ತುತ್ತಿದ್ದರು. ಕೇಳಿದರೆ 'ನಿಂಗ್ಯಾಕೆ ಈಗಲೇ' ಅನ್ನುತ್ತಿದ್ದರು.

ಅವರನ್ನು ಬೈಯಲ್ಲ ನಾನು. ಹುಡುಗ ಕಲಿತುಬಿಟ್ಟರೆ ಓನರ್ ಅರ್ಧ ಸಂಬಳಕ್ಕೆ ಅವನ ಕೈಲೇ ಮಾಡಿಸಿ ನನ್ನನ್ನು ಮನೆಗೆ ಕಳಿಸುತ್ತಾರೆ ಅನ್ನೋ ಭಯ. ಆ ಭಯ ಸುಳ್ಳೂ ಅಲ್ಲ. ಲೇತ್ ಸರ್, ನಿಮ್ಮ ಹುಡುಗರ ಸಮಸ್ಯೆ ಹುಡುಗರಲ್ಲಿ ಅರ್ಧ ಇದ್ದರೆ ನಿಮ್ಮ ಸೆಟ್ಟರ್ ಜೇಬಲ್ಲಿ ಅರ್ಧ ಇದೆ.

ಈಗ ನಾನಿರುವ ಕಡೆ ಹೀಗೆ ಮಾಡಿದ್ದೇವೆ. ಮೊದಲು ಅಳತೆ. ಹುಡುಗನ ಕೈಗೆ ಮೈಕ್ರೋಮೀಟರ್ ಕೊಟ್ಟು ತನ್ನ ಪೀಸ್ ತಾನೇ ಚೆಕ್ ಮಾಡಿ ಹಾಳೆಯಲ್ಲಿ ಬರೆಯಬೇಕು. ಆಮೇಲೆ ವೇರ್ ಆಫ್‌ಸೆಟ್, ಅಂದರೆ ಟೂಲ್ ಸವೆದಷ್ಟು ಅಳತೆ ತಿದ್ದೋದು. 25.00 ಬರಬೇಕಾದ ವ್ಯಾಸ 25.03 ಬಂತು ಅನ್ನಿ. ಎಕ್ಸ್‌ನಲ್ಲಿ (ವ್ಯಾಸದ ದಿಕ್ಕಿನಲ್ಲಿ) ಮೈನಸ್ 0.03 ಕೊಡಬೇಕು ಅಂತ ಅವನೇ ಹೇಳಬೇಕು. ಮೊದಮೊದಲು ಹೇಳೋದಷ್ಟೇ, ಒತ್ತೋದು ನಾನು. ಸರಿ ಹೇಳುತ್ತಾ ಬಂದರೆ ಅವನೇ ಒತ್ತುತ್ತಾನೆ. ಚಕ್‌ಗೆ ಗುದ್ದುತ್ತೆ ಅನ್ನೋ ಭಯಕ್ಕೂ ದಾರಿ ಇದೆ. ಫ್ಯಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ ವೇರ್ ಆಫ್‌ಸೆಟ್‌ಗೆ ಮಿತಿ ಹಾಕುವ ಪ್ಯಾರಾಮೀಟರ್ (ಸೆಟ್ಟಿಂಗ್) ಇದೆ. ಅದಕ್ಕಿಂತ ಜಾಸ್ತಿ ಒತ್ತಿದರೆ ಮಷಿನ್ ತಗೊಳ್ಳೋದೇ ಇಲ್ಲ.

ಮೊದಲ ಸಲ ತನ್ನ ಲೆಕ್ಕಕ್ಕೆ ಪೀಸ್ ಸರಿಯಾಗಿ ಬಂದಾಗ ಆ ಹುಡುಗನ ಮುಖ ನೋಡಬೇಕು ನೀವು. ಅವತ್ತು ಫೋನ್ ಲಾಕರ್‌ನಲ್ಲಿರೋದು ಮರೆತೇ ಹೋಗಿರುತ್ತೆ.

ಮುಖ್ಯವಾದದ್ದು ಇನ್ನೊಂದು. ಒಬ್ಬ ಹುಡುಗನನ್ನು ತಯಾರು ಮಾಡಿದರೆ ಸೆಟ್ಟರ್‌ಗೆ ತಿಂಗಳ ಅಲೊವೆನ್ಸ್. ಇದು ಬಾಯಿಮಾತಲ್ಲ, ಪೇ ಸ್ಲಿಪ್‌ನಲ್ಲಿ ಬರುತ್ತೆ. ಅದು ಬಂದ ಮೇಲೇ ಡೈರಿಗಳು ಜೇಬಿಂದ ಮೇಜಿನ ಮೇಲೆ ಬಂದದ್ದು.

ವಸಂತನರಸಾಪುರ ಲೇತ್:
ಆ ಪ್ಯಾರಾಮೀಟರ್ ವಿಷಯ ನಮ್ಮ ಸರ್ವಿಸ್ ಎಂಜಿನಿಯರ್ ಯಾವತ್ತೂ ಬಾಯಿ ಬಿಟ್ಟಿಲ್ಲ! ನಾಳೆ ಕೇಳುತ್ತೇನೆ. ಆದರೆ ಕಲಿಸಿದ ಮೇಲೆ ಪಕ್ಕದ ಶೆಡ್‌ನವರು ಎರಡು ಸಾವಿರ ಜಾಸ್ತಿ ಕೊಟ್ಟು ಎತ್ತಿಕೊಂಡು ಹೋದರೆ?

ಸುಮ್ನೆ ಓದ್ತೀನಿ:
ಕಲಿಸದಿದ್ದಾಗಲೂ ಹೋಗ್ತಾನೇ ಇದ್ದಾರಲ್ಲ ಸರ್.

ಎಚ್‌ಆರ್ ಅಕ್ಕ, ಮಾಲೂರು:
ಎಲ್ಲ ತಪ್ಪನ್ನೂ ಓನರ್ ತಲೆಗೆ ಕಟ್ಟಬೇಡಿ. ನಾನು ದಿನಾ ಈ ಹುಡುಗರ ಜತೆ ಏಗುವವಳು. ಮೊನ್ನೆ ಒಬ್ಬ ಡಿಪ್ಲೊಮಾ ಹುಡುಗನ ತಾಯಿ ಫೋನ್ ಮಾಡಿ ರಜೆ ಕೇಳಿದರು. ನಾನು ಟೀಚರ್ ಅಂದುಕೊಂಡಿದ್ದರೋ ಏನೋ. ಇನ್ನೊಬ್ಬ ಸೇರಿದ ವಾರವೇ 'ವರ್ಕ್ ಫ್ರಮ್ ಹೋಮ್ ಇದ್ಯಾ ಮೇಡಂ' ಅಂದ. ಅವನ ಕೆಲಸ ಪ್ರೆಸ್ ಮಷಿನ್ ಮೇಲೆ.

ಅದೆಲ್ಲ ಸರಿ. ಆದರೆ ಬಿಟ್ಟು ಹೋದವರ ಪಟ್ಟಿ ಇಟ್ಟುಕೊಂಡು ನೋಡಿ. ನಮ್ಮಲ್ಲಿ ನೋಡಿದಾಗ ಸಂಬಳಕ್ಕೆ ಹೋದವರಿಗಿಂತ ಒಂದೇ ಲೈನ್‌ನಿಂದ ಹೋದವರು ಜಾಸ್ತಿ ಇದ್ದರು. ಒಬ್ಬನೇ ಸೂಪರ್‌ವೈಸರ್. ಕೆಲಸದಲ್ಲಿ ಗಟ್ಟಿಗ, ಬಾಯಿ ಮಾತ್ರ ಕೆಟ್ಟದ್ದು. ಹುಡುಗರನ್ನು ಊರಿನ ಹೆಸರು, ಅಪ್ಪನ ಕೆಲಸ ಹಿಡಿದು ಆಡಿಸುತ್ತಿದ್ದ. ಬೇರೆ ಲೈನ್‌ನಲ್ಲಿ ಇದೇ ಸಂಬಳ, ಇದೇ ಕೆಲಸ, ಜನ ನಿಂತಿದ್ದರು. ಅವನನ್ನು ಟೂಲ್ ರೂಮ್‌ಗೆ ಹಾಕಿದೆವು. ಅಲ್ಲಿ ಮಷಿನ್‌ಗೆ ಬೈದುಕೊಂಡು ಆರಾಮಾಗಿದ್ದಾನೆ.

ಮತ್ತೆ ಬೈಗುಳ ವಿಷಯ. ತಪ್ಪು ಮಾಡಿದಾಗ ಹೇಳಿ, ಯಾರೂ ಬೇಡ ಅಂದಿಲ್ಲ. ಪಕ್ಕಕ್ಕೆ ಕರೆದು ಹೇಳಿ. ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದರೆ ಅವನ ಕೈಲಿ ಫೋನ್ ಇದೆ, ಅದರಲ್ಲಿ ಹತ್ತು ವೇಕೆನ್ಸಿ ಇವೆ. ನಮ್ಮಪ್ಪನ ಕೈಲಿ ಅದು ಇರಲಿಲ್ಲ, ಅದಕ್ಕೇ ಸಹಿಸಿಕೊಂಡರು.

ಹೊಲಿಗೆ ಲೈನ್:
ಹುಡುಗರು ಹುಡುಗರು ಅಂತೀರಿ. ಹುಡುಗಿಯರು ಏನು ಲೆಕ್ಕಕ್ಕಿಲ್ವಾ? ನಾನು ಗೌರಿಬಿದನೂರು ಕಡೆ ಗಾರ್ಮೆಂಟ್ಸ್‌ನಲ್ಲಿ ಇದ್ದೀನಿ. ಲೈನ್ ತುದಿಯಲ್ಲಿ ಒಂದು ಬೋರ್ಡ್. ಗಂಟೆಗೆ ಇಷ್ಟು ಪೀಸ್ ಟಾರ್ಗೆಟ್, ಇಷ್ಟು ಆಯ್ತು ಅಂತ ಬರೀತಾರೆ. ಹಿಂದೆ ಇದ್ದ ಕಡೆ ಟಾರ್ಗೆಟ್ ತಪ್ಪಿದರೆ ಸೂಪರ್‌ವೈಸರ್ ಹೆಸರು ಕೂಗಿ ಬೈಯೋನು. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತೆ ಅಂತ ನಾವು ನೀರೇ ಕುಡೀತಿರಲಿಲ್ಲ.

ಈಗಿನ ಮೇಡಂ ಬೋರ್ಡ್‌ನಲ್ಲಿ ಸಂಖ್ಯೆ ಕಮ್ಮಿ ಕಂಡರೆ ಮೊದಲು ಲೈನ್ ಉದ್ದಕ್ಕೂ ನಡೀತಾರೆ. ಯಾರ ಮುಂದೆ ಬಂಡಲ್ ಗುಡ್ಡೆ ಬಿದ್ದಿದೆ ಅಂತ ನೋಡ್ತಾರೆ. ಕಾಲರ್ ಕೂರಿಸೋ ಹತ್ತಿರ ಗುಡ್ಡೆ ಇದ್ದರೆ ಹೆಲ್ಪರ್ ಕೊಡ್ತಾರೆ, ಇಲ್ಲಾಂದ್ರೆ ತಾವೇ ಕೂತು ಹತ್ತು ಪೀಸ್ ಹೊಲಿದು ಕೊಡ್ತಾರೆ. ಅದೇ ಟಾರ್ಗೆಟ್ಟು. ಈಗ ಆಗುತ್ತೆ.

ಇನ್ನೊಂದು ಯಾರೂ ಹೇಳಿಲ್ಲ. ಮೊದಲು ಬಸ್ ಚಾರ್ಜ್ ಲೆಕ್ಕ ಹಾಕಿ ಹತ್ತಿರದ ಫ್ಯಾಕ್ಟರಿಯಲ್ಲೇ ಸಹಿಸಿಕೊಂಡು ಇರ್ತಿದ್ವಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಬಸ್ ಪುಕ್ಕಟೆ. ಮರ್ಯಾದೆ ಕೊಡೋ ಕಡೆ ಸ್ವಲ್ಪ ದೂರ ಇದ್ರೂ ಹೋಗ್ತೀವಿ. ಸೂಪರ್‌ವೈಸರ್‌ಗಳಿಗೆ ಇದಿನ್ನೂ ಅರ್ಥ ಆಗಿಲ್ಲ.

ಎಚ್‌ಆರ್ ಅಕ್ಕ, ಮಾಲೂರು:
ಬಸ್ ವಿಷಯ ನೂರಕ್ಕೆ ನೂರು ನಿಜ. ಇದನ್ನು ಯಾರೂ ಮೀಟಿಂಗ್‌ನಲ್ಲಿ ಹೇಳಲ್ಲ.

ಮಾವಿನತೋಪು:
ಶ್ರೀನಿವಾಸಪುರದಿಂದ. ನಮ್ಮ ಕಡೆ ಹುಡುಗರು ಮೇ, ಜೂನ್‌ನಲ್ಲಿ ಫ್ಯಾಕ್ಟರಿಗೆ ಬರಲ್ಲ ಅಂತ ದೂರು. ಬರೋದು ಹೇಗೆ? ತೋಪಿನಲ್ಲಿ ಮಾವು ಇರುತ್ತೆ. ಕಾಯಿ ಕೀಳಬೇಕು, ಮಂಡಿಗೆ ಹಾಕಬೇಕು, ರಾತ್ರಿ ಕಾಯಬೇಕು. ಊರಜಾತ್ರೆ, ರಾಗಿ ಕೊಯ್ಲು ಕೂಡ ಹಾಗೇ. ಇವು ಪ್ರತಿ ವರ್ಷ ಬರುವಂಥವು, ಭೂಕಂಪ ಅಲ್ಲ. ಮ್ಯಾನೇಜರ್ ಜನವರಿಯಲ್ಲೇ ಕೂತು ಯಾರು ಯಾವಾಗ ಹೋಗುತ್ತೀರಿ ಅಂತ ಬರೆದುಕೊಂಡರೆ ಮುಗೀತು. ಕೇಳಿದರೆ ಹೇಳುತ್ತಾರೆ. ಕೇಳೋದೇ ಇಲ್ಲ, ಆಮೇಲೆ 'ಸುಳ್ಳು ಹೇಳಿ ರಜೆ ಹಾಕಿದ, ಅಜ್ಜಿನ ಮೂರು ಸಲ ಸಾಯಿಸಿದ' ಅಂತಾರೆ.

ಹಳೇ ಗಡಿಯಾರ:
ಅಜ್ಜಿಯನ್ನು ನಮ್ಮ ಕಾಲದಲ್ಲೂ ಸಾಯಿಸುತ್ತಿದ್ದರು. ಅದರಲ್ಲಿ ತಲೆಮಾರಿನ ವ್ಯತ್ಯಾಸ ಇಲ್ಲ.

ಶಿಡ್ಲಘಟ್ಟ ಗೂಡು:
ನಮ್ಮ ರೇಷ್ಮೆ ಬಿಚ್ಚಾಣಿಕೆ ಘಟಕಕ್ಕೆ ಹೊಸ ಹುಡುಗರು ಬರೋದೇ ಇಲ್ಲ, ನಿಲ್ಲೋ ಮಾತು ದೂರ. ಬಿಸಿನೀರಲ್ಲಿ ಕೈ, ಹುಳುವಿನ ವಾಸನೆ. ಮದುವೆಗೆ ಹೆಣ್ಣು ಕೊಡಲ್ಲ ಅಂತಾರೆ. ಸ್ಫೂರ್ತಿ ಎಲ್ಲಿಂದ ತರಲಿ? ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಇಬ್ಬರು ಹುಡುಗರು ಬಂದರು. ನಗಬೇಡಿ, ನಿಜ.

ನೈಟ್‌ಶಿಫ್ಟ್ ನರಸಾಪುರ:
ಸಂಬಳದ ಮಾತು ಸುಮ್ನೆ ಜಾರಿ ಹೋಯ್ತು. ವಾಪಸ್ ತರುತ್ತೇನೆ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನಮ್ಮ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಸಂಬಳದ ಸಿಟ್ಟಿಗೆ ಕಾರ್ಮಿಕರು ದಾಂಧಲೆ ಮಾಡಿದ್ದು ಎಲ್ಲರಿಗೂ ಗೊತ್ತು. ಗಾಜು ಒಡೆದದ್ದನ್ನು ಯಾರೂ ಸರಿ ಅನ್ನಲ್ಲ. ಟಿವಿಯವರು ವಾರಪೂರ್ತಿ ಆ ಗಾಜನ್ನೇ ತೋರಿಸಿದರು. ಆದರೆ ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಘಟಕ ಟಾಟಾದವರ ಕೈಗೆ ಬಂತು.

ಹಾಗಾಗಿ ಪ್ರೇರಣೆ ಗೀರಣೆ ಆಮೇಲೆ. ಓಟಿ ಮಾಡಿದ ಗಂಟೆ ಎಷ್ಟು, ಸ್ಲಿಪ್‌ನಲ್ಲಿ ಬಂದದ್ದು ಎಷ್ಟು? ಅದು ತಾಳೆ ಆಗದಿದ್ದರೆ ಸ್ವೀಟ್ ಬಾಕ್ಸ್ ಕೊಟ್ಟು ಪ್ರಯೋಜನ ಇಲ್ಲ.

ವಸಂತನರಸಾಪುರ ಲೇತ್:
ನಮ್ಮಲ್ಲಿ ಓಟಿ ಸರಿಯಾಗಿ ಕೊಡುತ್ತೇವೆ. ಸಿಂಗಲ್ ರೇಟ್.

ಲೆಕ್ಕದ ಪುಸ್ತಕ:
ಸಿಂಗಲ್ ರೇಟ್ ಅಂದರೆ ಸರಿಯಾಗಿ ಕೊಡುತ್ತಿಲ್ಲ ಅಂತಲೇ ಅರ್ಥ. ಓಟಿಗೆ ದುಪ್ಪಟ್ಟು ದರ ಅನ್ನೋದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ನಾನು ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕೆಲಸ ಮಾಡಿಕೊಡುವವನು. ಈಗಿನ ಹುಡುಗರಿಗೆ ಇದೆಲ್ಲ ಗೊತ್ತಿದೆ. ಯುಎಎನ್ (ಪಿಎಫ್ ಸಂಖ್ಯೆ) ಹಾಕಿ ಫೋನ್‌ನಲ್ಲೇ ಪಾಸ್‌ಬುಕ್ ನೋಡುತ್ತಾರೆ. ಸಂಬಳದಲ್ಲಿ ಪಿಎಫ್ ಹಿಡಿದು ಎರಡು ತಿಂಗಳು ಕಟ್ಟದೆ ಇದ್ದರೆ ಓನರ್‌ಗಿಂತ ಮೊದಲು ಅವರಿಗೆ ಗೊತ್ತಾಗುತ್ತೆ. ಇಎಸ್‌ಐ ಕೂಡ ಹಾಗೇ. ತಮ್ಮ ಕೈಯಿಂದ ಹೋಗೋದು ಸಂಬಳದ ಶೇಕಡಾ 0.75, ಮಾಲೀಕರು ಹಾಕಬೇಕಾದದ್ದು ಶೇಕಡಾ 3.25 ಅಂತ ಬಾಯಲ್ಲೇ ಹೇಳುತ್ತಾರೆ.

ಕೆಜಿಎಫ್ ರೈಲು:
ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗಿನ ಇಡಿಗಂಟು) ಅಂತೆ ಅಲ್ವಾ? ರೈಲಲ್ಲಿ ಎಲ್ಲ ಅದೇ ಮಾತು.

ಲೆಕ್ಕದ ಪುಸ್ತಕ:
ಅರ್ಧ ಸತ್ಯ. ನಾಲ್ಕು ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಒಂದು ವರ್ಷ ಅನ್ನೋದು ನಿಗದಿತ ಅವಧಿಗೆ ಒಪ್ಪಂದ ಮಾಡಿಕೊಂಡ ನೌಕರರಿಗೆ. ಕಾಯಂ ಆದವರಿಗೆ ಮೊದಲಿನ ಹಾಗೆ ಐದು ವರ್ಷವೇ. ನೇಮಕಾತಿ ಪತ್ರ ಮಾತ್ರ ಎಲ್ಲರಿಗೂ ಕೊಡಲೇಬೇಕು. ಲೇತ್ ಸರ್, ಕೊಟ್ಟಿದ್ದೀರಾ? ಪತ್ರವೇ ಇಲ್ಲದವನು ನೋಟಿಸ್ ಕೊಟ್ಟು ಹೋಗಲಿ ಅಂದರೆ ಹೇಗೆ?

ನಿಮಗೆ ಉಪಯೋಗಕ್ಕೆ ಬರುವ ಮಾತು ಇನ್ನೊಂದಿದೆ. ಕೇಂದ್ರದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲ ಸಲ ಪಿಎಫ್‌ಗೆ ಸೇರಿದ ಹುಡುಗನಿಗೆ ಒಂದು ತಿಂಗಳ ಸಂಬಳದಷ್ಟು, ಹೆಚ್ಚೆಂದರೆ 15,000 ರೂಪಾಯಿ, ಎರಡು ಕಂತಲ್ಲಿ ಬರುತ್ತೆ. ಮೊದಲ ಕಂತು ಆರು ತಿಂಗಳು ಇದ್ದರೆ. ಎರಡನೆಯದು ಹನ್ನೆರಡು ತಿಂಗಳು ಮುಗಿದ ಮೇಲೆ, ಆರ್ಥಿಕ ತಿಳಿವಳಿಕೆಯ ಒಂದು ಸಣ್ಣ ಕೋರ್ಸ್ ಮುಗಿಸಿದ್ದರೆ. ಹೊಸಬರನ್ನು ಹೆಚ್ಚುವರಿಯಾಗಿ ತಗೊಂಡ ಮಾಲೀಕರಿಗೂ ತಲೆಗೆ ತಿಂಗಳಿಗೆ 3,000ದವರೆಗೆ ಸಿಗುತ್ತೆ. ಐವತ್ತಕ್ಕಿಂತ ಕಡಿಮೆ ಜನ ಇರುವ ಕಡೆ ಕನಿಷ್ಠ ಇಬ್ಬರು ಹೊಸಬರು ಬೇಕು. ನಾಲ್ಕನೇ ತಿಂಗಳಿಗೆ ಹೋಗುವ ಹುಡುಗನಿಗೆ ಇದನ್ನು ಸೇರಿದ ದಿನವೇ ಕೂರಿಸಿ ಹೇಳಿ. ಆರು ತಿಂಗಳವರೆಗಂತೂ ಕಣ್ಣಿಟ್ಟುಕೊಂಡು ಕಾಯುತ್ತಾನೆ.

ಸೆಟ್ಟರ್ ಗುಬ್ಬಿ:
ಏಳನೇ ತಿಂಗಳಿಗೆ ಕಲಿಯೋದು ಏನೂ ಇಲ್ಲದಿದ್ದರೆ ಏಳನೇ ತಿಂಗಳಿಗೆ ಹೋಗ್ತಾನೆ ಅಷ್ಟೇ. ದಿನಾಂಕ ಮುಂದೆ ಹೋಯ್ತು.

ಲೆಕ್ಕದ ಪುಸ್ತಕ:
ಒಪ್ಪಿದೆ. ಆದರೆ ಆ ಮೂರು ತಿಂಗಳಲ್ಲಿ ನಿಮ್ಮ ವೇರ್ ಆಫ್‌ಸೆಟ್ ಕಲಿಸಬಹುದಲ್ಲ.

ತೆಂಗಿನ ಗರಿ, ತಿಪಟೂರು:
ಯಾರೂ ಕ್ಯಾಂಟೀನ್ ಬಗ್ಗೆ ಮಾತಾಡ್ತಿಲ್ಲ. ನಾನು ಒಂದು ಕಂಪನಿ ಬಿಟ್ಟದ್ದೇ ಊಟಕ್ಕೆ. ಮೂರು ಹೊತ್ತೂ ರಬ್ಬರ್ ಚಪಾತಿ. ತುಮಕೂರು ಜಿಲ್ಲೆಯಲ್ಲಿ ಕೂತು ಮುದ್ದೆ ಇಲ್ಲ ಅಂದರೆ ಏನರ್ಥ?

ಎಚ್‌ಆರ್ ಅಕ್ಕ, ಮಾಲೂರು:
ನಾವು ಮುದ್ದೆ ಹಾಕಿದೆವು. ಸೆಕೆಂಡ್ ಶಿಫ್ಟ್‌ನವರು ಊಟ ಆದ ಮೇಲೆ ತೂಕಡಿಸುತ್ತಾರೆ ಅಂತ ಪ್ರೊಡಕ್ಷನ್ ಮ್ಯಾನೇಜರ್ ದೂರು ಕೊಟ್ಟರು.

ಮಾವಿನತೋಪು:
ತೂಕಡಿಕೆ ಮುದ್ದೆಯಿಂದ ಅಲ್ಲ, ಅನ್ನದಿಂದ. ಮುದ್ದೆ ತಿಂದು ದಿನವಿಡೀ ಗುದ್ದಲಿ ಹಿಡಿದ ಜನ ನಾವು. ನಿಮ್ಮ ಮ್ಯಾನೇಜರ್ ಯಾವ ಊರಿನವರು?

ಸುಮ್ನೆ ಓದ್ತೀನಿ:
ಇದು ಮೂಲ ಪ್ರಶ್ನೆಗಿಂತ ಗಂಭೀರ ಚರ್ಚೆ.

ವಸಂತನರಸಾಪುರ ಲೇತ್:
ಎಲ್ಲ ಓದಿದೆ. ಕೆಲವು ಒಪ್ಪುತ್ತೇನೆ, ಕೆಲವು ಇಲ್ಲ. ಸಣ್ಣ ಶಾಪ್‌ಗೆ ದೊಡ್ಡ ಕಂಪನಿಯ ಹಾಗೆ ಸಂಬಳ ಕೊಡೋಕೆ ಆಗಲ್ಲ. ಗಿರಾಕಿ ತೊಂಬತ್ತು ದಿನಕ್ಕೆ ದುಡ್ಡು ಕೊಡುತ್ತಾನೆ, ನಾನು ಏಳನೇ ತಾರೀಕಿಗೆ ಸಂಬಳ ಹಾಕಬೇಕು. ಇದು ಹುಡುಗರಿಗೆ ಕಾಣಲ್ಲ. ಅಲೊವೆನ್ಸ್ ಐಡಿಯಾ ಮಾತ್ರ ಹಿಡಿಸಿತು. ಸೆಟ್ಟರ್ ಜತೆ ಇವತ್ತು ಮಾತಾಡಿದೆ. ಮೊದಲು ಮುಖ ಗಂಟು ಹಾಕಿಕೊಂಡರು. ಸ್ಲಿಪ್‌ನಲ್ಲೇ ಬರುತ್ತೆ ಅಂದ ಮೇಲೆ 'ಎಷ್ಟು' ಅಂದರು. ಓಟಿ ವಿಷಯ ಲೆಕ್ಕಿಗರ ಜತೆ ಕೂರುತ್ತೇನೆ, ಅದರ ಬಗ್ಗೆ ಇಲ್ಲಿ ಜಗಳ ಬೇಡ.

ನೈಟ್‌ಶಿಫ್ಟ್ ನರಸಾಪುರ:
ತೊಂಬತ್ತು ದಿನದ ಕಥೆ ಅವರಿಗೂ ಹೇಳಿ ಸರ್. ನಮ್ಮ ಹಳೇ ಓನರ್ ಒಂದು ಸಲ ಆರ್ಡರ್ ಕ್ಯಾನ್ಸಲ್ ಆದ ಪತ್ರವನ್ನೇ ಎಲ್ಲರಿಗೂ ಓದಿ ಹೇಳಿದ್ದರು. ಆ ತಿಂಗಳು ಸಂಬಳ ಹತ್ತು ದಿನ ತಡ ಆಯ್ತು. ಯಾರೂ ಬಿಟ್ಟು ಹೋಗಲಿಲ್ಲ.

ಕೆಜಿಎಫ್ ರೈಲು:
ಲೇತ್ ಸರ್, ಏಳನೇ ತಾರೀಕು ಅಂದರೆ ಏಳೇನಾ? ಇಲ್ಲ ಏಳರಿಂದ ಶುರುನಾ?

ವಸಂತನರಸಾಪುರ ಲೇತ್:
ಏಳೇ.

ಹೊಲಿಗೆ ಲೈನ್:
ನನ್ನ ತಮ್ಮ ಈ ವರ್ಷ ಐಟಿಐ ಟರ್ನರ್ ಮುಗಿಸಿದ್ದಾನೆ. ಸದ್ಯ ಕೊರಟಗೆರೆಯಲ್ಲಿ ಮಾವನ ಮನೆಯಲ್ಲಿದ್ದಾನೆ. ಅಳತೆ, ಆಫ್‌ಸೆಟ್ ಕಲಿಸುತ್ತೀರಿ ಅಂತ ನೇಮಕಾತಿ ಪತ್ರದಲ್ಲೇ ಬರೆದು ಕೊಟ್ಟರೆ ಕಳಿಸ್ತೀನಿ. ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಕೊರಟಗೆರೆಗೆ ಹೋಗೋಕೆ ಗಾಡಿ ಇದ್ಯಾ?

ವಸಂತನರಸಾಪುರ ಲೇತ್:
ಸದ್ಯಕ್ಕೆ ಇಲ್ಲ. ಫಸ್ಟ್ ಶಿಫ್ಟ್‌ಗೆ ಹಾಕುತ್ತೇನೆ. ಮೆಸೇಜ್ ಮಾಡಿ, ಪತ್ರದ ವಿಷಯ ಫೋನ್‌ನಲ್ಲಿ ಮಾತಾಡೋಣ.

ಸೆಟ್ಟರ್ ಗುಬ್ಬಿ:
ಬರುವಾಗ ಒಂದು ನೋಟ್‌ಬುಕ್ ತರೋಕೆ ಹೇಳಿ. ದೊಡ್ಡದು. ಜೇಬಿಗೆ ಹಿಡಿಯದೇ ಇರೋದು.